ಮೈಲುತುತ್ತದ ಬಾನಿಯಿಂದ ಅಡಕೆಯ ತಲೆಗೆ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಕೊಳವೆ ಮತ್ತು ಪಂಪುಗಳ ಆಯ್ಕೆ

ಮಲೆನಾಡಿನ ಅಡಕೆ ತೋಟದ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಭೂಮಿಯ ಒಡೆತನ, ಗೇಣಿ, ಕಂದಾಯ, ಪೇಟೆಯ ಧಾರಣೆ ಇವುಗಳ ಕಡೆಗೆ ಗಮನವಿತ್ತಿದ್ದಾರೆ. ರೋಗದ ಮಾತು ಬಂದಾಗ ವಿಜ್ಞಾನಿಯ ಹೆಸರನ್ನೂ ಔಷಧದ ಹೆಸರನ್ನೂ ಹೇಳಿ ಮುಂದೆ ಸಾಗಿದ್ದಾರೆ. ಔಷಧವು ಬಾನಿಯಲ್ಲಿ ಸಿದ್ಧವಾದ ಮೇಲೆ ಅದು ಐವತ್ತು ಅರವತ್ತು ಅಡಿ ಎತ್ತರದ ಅಡಕೆಯ ಕೊನೆಯನ್ನು ಹೇಗೆ ಸೇರಿತು, ಯಾವ ಪಾತ್ರೆ, ಯಾವ ಕೊಳವೆ, ಯಾವ ಪಂಪು ಅದನ್ನು ಸಾಧ್ಯಗೊಳಿಸಿತು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಈ ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಕೊಳೆರೋಗದ ಔಷಧವು ಪುಸ್ತಕದಿಂದ ತೋಟಕ್ಕೆ ಇಳಿದದ್ದು ಈ ಸಲಕರಣೆಗಳ ದಾರಿಯಿಂದಲೇ ಎಂಬುದು ನಮ್ಮ ಅಭಿಪ್ರಾಯ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು ಆ ದಾರಿಯನ್ನು ಇಲ್ಲಿ ವಿವೇಚಿಸುತ್ತೇವೆ.

೧. ನೆಲ, ನೀರು ಮತ್ತು ಮನೆ

ಹಿಂದಿನ ಕಡೂರು ಜಿಲ್ಲೆಗೆ, ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಸೇರಿದ ಈ ಮೂರು ತಾಲ್ಲೂಕುಗಳು ತುಂಗಾ ಭದ್ರಾ ನದಿಗಳ ಮೇಲಣ ಕಣಿವೆಗಳಲ್ಲಿ ಹರಡಿಕೊಂಡಿವೆ. ಪಶ್ಚಿಮದ ಶೃಂಗೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆಯಾಗುತ್ತದೆ. ಪೂರ್ವಕ್ಕೆ ಸರಿದಂತೆ ಮಳೆ ಇಳಿಮುಖವಾಗಿ, ಹಿಂದೆ ಯಡೇಹಳ್ಳಿ ಎಂಬ ಹೆಸರಿದ್ದ ನರಸಿಂಹರಾಜಪುರದಲ್ಲಿ ಬಹಳ ಕಡಿಮೆಯಾಗುತ್ತದೆ. ಕೊಳೆರೋಗದ ಉಗ್ರತೆಯೂ ಹೆಚ್ಚುಕಡಿಮೆ ಈ ಮಳೆಯ ಜಾಡನ್ನೇ ಹಿಡಿದು ನಡೆಯುತ್ತದೆ.

ಇಲ್ಲಿಯ ತೋಟಗಳು ಗುಡ್ಡಗಳ ನಡುವಣ ತಗ್ಗಿನಲ್ಲಿರುತ್ತವೆ; ಮನೆ ಸಾಮಾನ್ಯವಾಗಿ ತೋಟಕ್ಕಿಂತ ಮೇಲಿನ ಏರಿನಲ್ಲಿ; ನೀರಿನ ಸೆಲೆ ಮನೆಗಿಂತಲೂ ಮೇಲೆ, ಗುಡ್ಡದ ಮಗ್ಗುಲಲ್ಲಿ. ಸೀಳಿ ತಿರುಳು ತೆಗೆದ ಅಡಕೆ ಅಥವಾ ಬಗನಿ ಮರದ ದಂಬೆಗಳನ್ನು ಒಂದರ ಬಾಯಿಗೆ ಇನ್ನೊಂದನ್ನು ಇಟ್ಟು, ಕವಲುಗೋಲುಗಳ ಆಧಾರದಲ್ಲಿ ನೀರನ್ನು ಬಚ್ಚಲಿಗೂ ಅಂಗಳಕ್ಕೂ ಇಳಿಸುತ್ತಿದ್ದರು. ಇದರಲ್ಲಿ ಕವಾಟವಿಲ್ಲ, ತಿರುಪಿಲ್ಲ, ಪಂಪಿಲ್ಲ. ಸಂಧಿಯಲ್ಲಿ ಸ್ವಲ್ಪ ನೀರು ಸೋರಿದರೆ ಯಾರಿಗೂ ನಷ್ಟವಿಲ್ಲ. ಮರ ಕೊಳೆತರೆ ಮರುವರ್ಷ ಇನ್ನೊಂದು ಮರ. ಎತ್ತರದಿಂದ ತಗ್ಗಿಗೆ ದ್ರವವನ್ನು ಸಾಗಿಸುವ ಈ ವಿದ್ಯೆಯಲ್ಲಿ ಮಲೆನಾಡಿನವರು ನಿಪುಣರಾಗಿದ್ದರು. ತಗ್ಗಿನಿಂದ ಎತ್ತರಕ್ಕೆ ದ್ರವವನ್ನು ಏರಿಸಬೇಕಾದ ಪ್ರಸಂಗ ಮಾತ್ರ ಅವರಿಗೆ ಒದಗಿದ್ದು ಇಪ್ಪತ್ತನೆಯ ಶತಮಾನದಲ್ಲಿ.

೨. ಚೊಗರಿನ ಹಂಡೆ

ಔಷಧದ ಮಾತಿಗೆ ಮುನ್ನ, ಈ ಮನೆಗಳಲ್ಲಿ ಬಹುಕಾಲದಿಂದ ತಯಾರಾಗುತ್ತಿದ್ದ ಇನ್ನೊಂದು ದ್ರವವನ್ನು ನೆನೆಯಬೇಕು. ಅದು ಚೊಗರು. ಬಲಿಯುವ ಮುನ್ನ ಕೊಯ್ದ ಹಸಿ ಅಡಕೆಯನ್ನು ಸುಲಿದು ದೊಡ್ಡ ತಾಮ್ರದ ಹಂಡೆಯಲ್ಲಿ ಬೇಯಿಸುವುದು ಮಲೆನಾಡಿನ ಪದ್ಧತಿ. ಹಿಂದಿನ ವರ್ಷ ಉಳಿಸಿದ ಚೊಗರನ್ನು ನೀರಿಗೆ ಬೆರೆಸಿ ಬೇಯಿಸುತ್ತಾರೆ. ಒಂದರ ಮೇಲೊಂದು ಹಂಡೆ ಅಡಕೆ ಬೆಂದಂತೆ ನೀರು ಗಾಢವಾಗುತ್ತ ಕೆಂಪೇರುತ್ತದೆ. ಕೊನೆಗೆ ಅದನ್ನು ಕುದಿಸಿ ಗಟ್ಟಿ ಮಾಡಿ ಮುಂದಿನ ವರ್ಷಕ್ಕೆ ಇಡುತ್ತಾರೆ. ಹಸ, ಬೆಟ್ಟೆ, ರಾಶಿ ಎಂಬ ಕೆಂಪಡಕೆಯ ಬಗೆಗಳಿಗೆ ಪೇಟೆಯಲ್ಲಿ ಬೆಲೆ ಕಟ್ಟುವಾಗ ನೋಡುವ ಬಣ್ಣವೂ ಹೊಳಪೂ ಬಹುಮಟ್ಟಿಗೆ ಈ ಚೊಗರಿನ ಕೊಡುಗೆ.

ಹಂಡೆ ತಾಮ್ರದ್ದಾಗಿದ್ದುದರ ಮೇಲ್ಮೆಯನ್ನು ರಸಾಯನಶಾಸ್ತ್ರ ವಿವರಿಸುತ್ತದೆ. ಅಡಕೆಯಲ್ಲಿ ಒಗರು ಪದಾರ್ಥ, ಎಂದರೆ ಟ್ಯಾನಿನ್, ಹೇರಳವಾಗಿದೆ. ಟ್ಯಾನಿನ್ ಕಬ್ಬಿಣವನ್ನು ಸೇರಿದರೆ ಕಪ್ಪು ಬಣ್ಣ ಹುಟ್ಟುತ್ತದೆ. ಹಿಂದಿನ ಕಾಲದ ಬರವಣಿಗೆಯ ಮಸಿಯೂ ಇದೇ ತತ್ತ್ವದಿಂದ ತಯಾರಾಗುತ್ತಿತ್ತು. ಕಬ್ಬಿಣದ ಪಾತ್ರೆಯಲ್ಲಿ ಬೆಂದ ಅಡಕೆಯ ಕೆಂಪು ಕೆಡುವುದು ಸಹಜ. ಹೀಗೆ ದ್ರವವೇ ತನ್ನ ಲೋಹವನ್ನು ಆರಿಸಿಕೊಳ್ಳುತ್ತದೆಂಬ ಪಾಠ ತೋಟಗಾರನ ಮನೆಯಲ್ಲಿ ಔಷಧ ಬರುವುದಕ್ಕೆ ಮೊದಲೇ ಇತ್ತು.

ಚೊಗರಿಗೆ ಪಂಪು ಏಕೆ ಬೇಕಾಗಲಿಲ್ಲವೆಂಬುದೂ ವಿಚಾರಾರ್ಹ. ದ್ರವ ಬಿಸಿಯಾದುದು, ಮಂದವಾದುದು, ಅಡಕೆಯ ಚೂರುಗಳಿಂದ ಕೂಡಿದುದು. ಅದು ಸಾಗಬೇಕಾದ ದೂರ ಒಂದು ಹಂಡೆಯಿಂದ ಇನ್ನೊಂದಕ್ಕೆ ಮಾತ್ರ. ಇಂಥಲ್ಲಿ ತೂತಿನ ಸಟ್ಟುಗ, ಬುಟ್ಟಿ, ಕೊಡಪಾನಗಳೇ ಸಾಕು. ಬಗ್ಗಿಸಿ ಸುರಿಯುವುದರಿಂದ ಕೆಲಸವಾಗುವಲ್ಲಿ ಯಂತ್ರವನ್ನು ನುಗ್ಗಿಸದಿರುವುದೂ ಆಯ್ಕೆಯ ಒಂದು ವಿವೇಕ.

೩. ಕೊಳೆರೋಗ ಮತ್ತು ಕೊಟ್ಟೆ

ಆಷಾಢ ಶ್ರಾವಣಗಳ ಎಡೆಬಿಡದ ಮಳೆಯಲ್ಲಿ ಎಳೆಯ ಅಡಕೆಯ ತೊಟ್ಟಿನ ಬಳಿ ನೀರು ಹಿಡಿದಂಥ ಕಡುಹಸುರು ಕಲೆ ಮೂಡಿ, ಕಾಯಿ ಕೊಳೆತು, ಬಿಳಿಯ ಬೂಷ್ಟು ಮುಚ್ಚಿ ಉದುರುತ್ತದೆ. ಕೆಲವೇ ವಾರಗಳಲ್ಲಿ ವರ್ಷದ ಗಳಿಕೆ ಮರದ ಬುಡದಲ್ಲಿ ರಾಶಿ ಬೀಳುತ್ತದೆ. ಜನ ಇದನ್ನು ಕೊಳೆರೋಗವೆಂದರು. ಈ ಹೆಸರು ವಿಜ್ಞಾನದ ಭಾಷೆಯನ್ನೂ ಪ್ರವೇಶಿಸಿದೆ: ಕಾಫಿಗೆ ತಗಲುವ ಬೇರೊಂದು ಕೊಳೆರೋಗದ ಶಿಲೀಂಧ್ರಕ್ಕೆ ಇಂಗ್ಲೆಂಡಿನ ಎಂ. ಸಿ. ಕುಕ್ ೧೮೭೬ರಲ್ಲಿ ಕೊಟ್ಟ ಲ್ಯಾಟಿನ್ ಹೆಸರಿನಲ್ಲಿ 'ಕೊಳೆರೋಗ' ಎಂಬ ಕನ್ನಡ ಪದವೇ ನಿಂತಿದೆ.

ಔಷಧ ಬರುವ ಮುನ್ನ ತೋಟಗಾರನ ಉಪಾಯವೆಂದರೆ ಕೊಟ್ಟೆ. ಕರಡದ ಹುಲ್ಲಿನಿಂದ ಕೊಡೆಯಂಥ ಹೊದಿಕೆಯನ್ನು ಕಟ್ಟಿ, ಕೊನೆಗಾರನು ಮಳೆಗಾಲದ ಆರಂಭದಲ್ಲಿ ಮರವೇರಿ ಪ್ರತಿಯೊಂದು ಕೊನೆಯ ಮೇಲೂ ಅದನ್ನು ಬಿಗಿಯುತ್ತಿದ್ದನು. ಇದನ್ನು ಅಜ್ಞಾನದ ಕುರುಹೆಂದು ತಳ್ಳಿಹಾಕುವುದು ನ್ಯಾಯವಲ್ಲ. ರೋಗ ಹರಡುವುದು ನೀರಿನ ಮೂಲಕ. ಕೊನೆಯ ಮೇಲೆ ನೀರು ಬೀಳದಂತೆ ಮಾಡಿದರೆ ರೋಗಕ್ಕೆ ದಾರಿ ಕಡಿಮೆ. ಮೇಲಾಗಿ ಮರವೇರುವ ಕೆಲಸ ಮಳೆ ಬಲಿಯುವ ಮುನ್ನ ಒಂದೇ ಸಲಕ್ಕೆ ಮುಗಿಯುತ್ತಿತ್ತು. ಆದರೆ ಸಾವಿರಾರು ಕೊಟ್ಟೆಗಳನ್ನು ಹೆಣೆಯಲು ಹುಲ್ಲು ಬೇಕು, ಆಳು ಬೇಕು, ಬಿಡುವು ಬೇಕು. ದೊಡ್ಡ ತೋಟಕ್ಕೆ ಅದು ಭಾರವಾದ ಕೆಲಸ.

೪. ಔಷಧ ಮತ್ತು ಅದರ ಪಾತ್ರೆ

೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು ಅಡಕೆಯ ಕೊಳೆರೋಗವನ್ನು ಅಭ್ಯಾಸಮಾಡಿ ೧೯೧೦ರಲ್ಲಿ ವರದಿಯನ್ನು ಪ್ರಕಟಿಸಿದರು. ರೋಗಕ್ಕೆ ಕಾರಣ ಫೈಟಾಫ್ತೊರ ಜಾತಿಯ ಜೀವಿಯೆಂದು ನಿರೂಪಿಸಿ, ಬೋರ್ಡೋ ದ್ರಾವಣವನ್ನು ಸಿಂಪಡಿಸಬೇಕೆಂದು ಅವರು ಬೋಧಿಸಿದರು. ಈ ಪ್ರಾಂತಕ್ಕೆ ಅವರ ನಂಟು ಅಲ್ಲಿಗೆ ಮುಗಿಯಲಿಲ್ಲ. ೧೯೨೫ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕ್ಷೇತ್ರ ಆರಂಭವಾದದ್ದರಲ್ಲಿಯೂ ಅವರ ಪಾತ್ರ ದೊಡ್ಡದು.

ಬೋರ್ಡೋ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಾರಸದ ನಾಡಿನಲ್ಲಿ. ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆಯ ಬದಿಯ ಬಳ್ಳಿಗಳಿಗೆ ಅಲ್ಲಿಯ ರೈತರು ಮೈಲುತುತ್ತ ಮತ್ತು ಸುಣ್ಣದ ನೀರನ್ನು ಎರಚುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಗಲದಿರುವುದನ್ನು ಮಿಲಾರ್ಡೆ ಎಂಬ ಪಂಡಿತರು ೧೮೮೨ರಲ್ಲಿ ಗಮನಿಸಿ, ಪ್ರಯೋಗಗಳ ತರುವಾಯ ೧೮೮೫ರಲ್ಲಿ ಪ್ರಕಟಿಸಿದರು. ಆರಂಭದಲ್ಲಿ ದ್ರಾಕ್ಷಿಯ ಬಳ್ಳಿಗೆ ಅದನ್ನು ಎರಚಿದ್ದು ಸಣ್ಣ ಪೊರಕೆಯನ್ನು ಬಾನಿಯಲ್ಲಿ ಅದ್ದಿ. ಸೊಂಟದೆತ್ತರದ ಬಳ್ಳಿಗೆ ಪೊರಕೆ ಸಾಕು. ಅಡಕೆ ಮರಕ್ಕೆ ಸಾಲದು. ನಮ್ಮ ವಾದದ ತಿರುಳು ಇಲ್ಲಿದೆ: ಔಷಧವೇನೋ ಹಾಗೆಯೇ ಹಡಗಿನಲ್ಲಿ ಬರಬಹುದಾಗಿತ್ತು, ಅದನ್ನು ಬಳಸುವ ರೀತಿ ಮಾತ್ರ ಮಲೆನಾಡಿನಲ್ಲಿಯೇ ಹೊಸದಾಗಿ ರೂಪುಗೊಳ್ಳಬೇಕಾಗಿತ್ತು.

ಇಂದಿನ ಅಳತೆಯಲ್ಲಿ ಶೇಕಡ ಒಂದರ ದ್ರಾವಣಕ್ಕೆ ಒಂದು ಕಿಲೋಗ್ರಾಂ ಮೈಲುತುತ್ತ, ಒಂದು ಕಿಲೋಗ್ರಾಂ ಸುಣ್ಣ, ನೂರು ಲೀಟರು ನೀರು. ಎರಡನ್ನೂ ಬೇರೆಬೇರೆ ಪಾತ್ರೆಗಳಲ್ಲಿ ಕರಗಿಸಿ, ಮೂರನೆಯ ಪಾತ್ರೆಗೆ ಒಟ್ಟಿಗೆ ಸುರಿದು ಕಲಕಬೇಕು. ಇಲ್ಲವೆ ತುತ್ತದ ನೀರನ್ನು ಸುಣ್ಣದ ನೀರಿಗೆ ಸೇರಿಸಬೇಕು. ಮಾಡಿದ ದಿನವೇ ಬಳಸಬೇಕು. ಮಳೆಯಲ್ಲಿ ತೊಳೆದುಹೋಗದಂತೆ ರಾಳ ಮತ್ತು ಸೋಡದಿಂದ ಮಾಡಿದ ಅಂಟನ್ನು ಸೇರಿಸುವ ಪದ್ಧತಿಯೂ ಬಂದಿತು.

ಪಾತ್ರೆ ಯಾವುದು? ಕಬ್ಬಿಣ ಸಲ್ಲದು. ಮೈಲುತುತ್ತದ ನೀರಿನಲ್ಲಿ ಕಬ್ಬಿಣವಿಟ್ಟರೆ ಕಬ್ಬಿಣ ಕರಗಿ ನೀರನ್ನು ಸೇರುತ್ತದೆ, ತಾಮ್ರವು ಕಬ್ಬಿಣದ ಮೇಲೆ ಕೆಂಪಾಗಿ ಕೂಡುತ್ತದೆ. ಔಷಧದ ಸತ್ತ್ವವೂ ಹೋಯಿತು, ಪಾತ್ರೆಯೂ ಹೋಯಿತು. ಸತುವಿನ ಲೇಪವುಳ್ಳ ತಗಡಿನ ಬಕೆಟ್ಟಿಗೆ ಇನ್ನೂ ಬೇಗ ಇದೇ ಗತಿ. ಮರದ ಬಾನಿ, ಮಣ್ಣಿನ ಗುಡಾಣ, ತಾಮ್ರದ ಕೊಪ್ಪರಿಗೆ ಇವು ಯೋಗ್ಯ. ಮಲೆನಾಡಿನ ಮನೆಗಳಲ್ಲಿ ಇವು ಹೊಸದಾಗಿ ಕೊಳ್ಳಬೇಕಾದ ವಸ್ತುಗಳಾಗಿರಲಿಲ್ಲ. ಕಬ್ಬಿಣದ ಬಗ್ಗೆ ಇನ್ನೊಂದು ಮಾತುಂಟು. ಪಾತ್ರೆಯಾಗಿ ತ್ಯಾಜ್ಯವಾದ ಅದು ಪರೀಕ್ಷಕನಾಗಿ ಗ್ರಾಹ್ಯವಾಯಿತು. ಹೊಳೆಯುವ ಕತ್ತಿಯ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಕೆಂಪು ಕಂಡರೆ ಸುಣ್ಣ ಸಾಲದೆಂದು ಅರ್ಥ. ಪ್ರಯೋಗಶಾಲೆಯಿಲ್ಲದ ತೋಟದಲ್ಲಿ ಇದಕ್ಕಿಂತ ಸುಲಭವಾದ ಪರೀಕ್ಷೆಯಿಲ್ಲ.

೫. ಪಂಪಿನ ಆಯ್ಕೆ

ಪಂಪನ್ನು ಆರಿಸುವಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕಾಗಿತ್ತು: ಎತ್ತರ, ಲೋಹ, ದುರಸ್ತಿ.

ಮೊದಲು ಎತ್ತರ. ಬಾಯಿಂದ ಹೀರಿದಂತೆ ನೀರನ್ನು ಎಳೆದುಕೊಳ್ಳುವ ಪಂಪು ಸಮುದ್ರಮಟ್ಟದಲ್ಲಿ ಹತ್ತು ಮೀಟರಿಗಿಂತ ಹೆಚ್ಚು ಮೇಲಕ್ಕೆ ನೀರನ್ನು ಎಳೆಯಲಾರದು. ವಾಯುವಿನ ಒತ್ತಡವೇ ಅಷ್ಟು. ಸುಮಾರು ಏಳುನೂರು ಮೀಟರು ಎತ್ತರದ ಈ ಸೀಮೆಯಲ್ಲಿ ಆ ಮಿತಿ ಒಂಬತ್ತೂವರೆ ಮೀಟರಿಗೆ ಇಳಿಯುತ್ತದೆ. ಆದುದರಿಂದ ಪಂಪು ಮರದ ಬುಡದಲ್ಲಿದ್ದು ದ್ರವವನ್ನು ಮೇಲಕ್ಕೆ ತಳ್ಳಬೇಕು. ಪ್ರತಿ ಹತ್ತು ಮೀಟರು ಏರಿಕೆಗೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಒತ್ತಡ ಬೇಕು. ಹದಿನೆಂಟು ಮೀಟರಿನ ಮರಕ್ಕೆ ಏರಿಸುವುದಕ್ಕೇ ಸುಮಾರು ಎರಡು ಕಿಲೋಗ್ರಾಂ. ಮೇಲೆ ತಲಪಿದ ದ್ರವ ಮಂಜಿನಂತೆ ಒಡೆಯಲು ಇನ್ನೆರಡು ಮೂರು ಕಿಲೋಗ್ರಾಂ. ಕೊಳವೆಯ ಉಜ್ಜುವಿಕೆಗೆ ಬೇರೆ. ಮೇಲಣ ಏರಿನಲ್ಲಿ ಬಾನಿಯಿಟ್ಟು ತೋಟಕ್ಕೆ ಕೊಳವೆ ಇಳಿಸಿದರೆ ದಂಬೆಯ ನೀರಿನಂತೆ ಔಷಧವೂ ತಾನಾಗಿ ಬರುವುದಿಲ್ಲವೇ ಎಂದು ಕೇಳಬಹುದು. ಬಾನಿ ಮರದ ತಲೆಯ ಮಟ್ಟದಲ್ಲಿದ್ದರೆ ದ್ರವ ಆ ತಲೆಯವರೆಗೆ ಬಂದು ನಿಲ್ಲುತ್ತದೆ. ಸಿಂಪಡಿಸುವ ಬಲ ಉಳಿಯುವುದಿಲ್ಲ. ದಂಬೆಯ ವಿದ್ಯೆ ಸೋತದ್ದು ಇಲ್ಲಿ.

ಬೆನ್ನಿಗೆ ಕಟ್ಟುವ ಪಂಪು ಕಾಫಿ ತೋಟಕ್ಕೆ ತಕ್ಕುದು. ಅದೇ ಬೋರ್ಡೋ ದ್ರಾವಣವನ್ನು ಆಳೆತ್ತರದ ಕಾಫಿ ಗಿಡಕ್ಕೆ ಅದರಿಂದ ಸಲೀಸಾಗಿ ಹೊಡೆಯಬಹುದು. ಅಡಕೆಗೆ ಅದು ಒಗ್ಗದು. ಹದಿನಾರು ಲೀಟರಿನ ಪಂಪೆಂದರೆ ದ್ರವದ ತೂಕವೇ ಹದಿನಾರು ಕಿಲೋಗ್ರಾಂ. ಅದನ್ನು ಹೊತ್ತು ಜಾರುವ ಮರವೇರುವುದು ಸಾಧುವಲ್ಲ. ಹೊಲಕ್ಕೆ ನೀರೆತ್ತುವ, ಚಕ್ರ ತಿರುಗುವ ಪಂಪು ಬಹಳ ನೀರನ್ನು ಕಡಿಮೆ ಒತ್ತಡದಲ್ಲಿ ಕೊಡುತ್ತದೆ. ಇಲ್ಲಿ ಬೇಕಾದುದು ಅದಕ್ಕೆ ತದ್ವಿರುದ್ಧ, ಕಡಿಮೆ ದ್ರವ ಹೆಚ್ಚು ಒತ್ತಡ. ಹೀಗಾಗಿ ನೆಲದ ಮೇಲೆ ಹಲಗೆಗೆ ಬಿಗಿದು, ಉದ್ದನೆಯ ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸುವ ಕೊಂತದ ಪಂಪು ಅಡಕೆ ತೋಟದಲ್ಲಿ ನೆಲೆಯೂರಿತು. ರಾಕರ್ ಪಂಪೆಂದೂ, ಜನರ ಬಾಯಲ್ಲಿ ಗಟಾರ್ ಪಂಪೆಂದೂ ಇದು ಪ್ರಸಿದ್ಧ. ಕಾಲಿನಿಂದ ತುಳಿಯುವ ಪೆಡಲ್ ಪಂಪು ಇದರ ದಾಯಾದಿ. ಕೊಂತ ತಳ್ಳಿದಾಗ ಮಾತ್ರ ದ್ರವ ಹೋಗುವುದಾದರೂ, ಪಕ್ಕದ ವಾಯುಕೋಶದಲ್ಲಿ ಅದುಮಿಕೊಂಡ ಗಾಳಿ ಎರಡು ತಳ್ಳುಗಳ ನಡುವಣ ಬಿಡುವನ್ನು ತುಂಬುವುದರಿಂದ ಮೇಲೆ ಸಿಂಪರಣೆ ಕಡಿಯುವುದಿಲ್ಲ.

ಎರಡನೆಯದು ಲೋಹ. ಪಂಪಿನ ಉರುಳೆ, ಕವಾಟ, ಮೂತಿ ಇವೆಲ್ಲ ಹಿತ್ತಾಳೆಯವಾಗಿರಬೇಕೆಂಬುದು ತುತ್ತದ ಸ್ವಭಾವದಿಂದಲೇ ಸಿದ್ಧ. ಬೆಲೆ ಹೆಚ್ಚಿದರೂ ಹಿತ್ತಾಳೆಯ ಪಂಪು ತಲೆಮಾರು ಬಾಳುತ್ತದೆ.

ಮೂರನೆಯದು ದುರಸ್ತಿ. ಕೊಂತಕ್ಕೆ ತೊಡಿಸಿದ ಚರ್ಮದ ವಾಷರು ಬೇಸಗೆಯಲ್ಲಿ ಒಣಗಿ ಬಿರಿಯುತ್ತದೆ. ಎಣ್ಣೆಯಲ್ಲಿ ನೆನೆಸಿ ಮೆತ್ತಗೆ ಮಾಡಬೇಕು. ಸುಣ್ಣದ ಮರಳು ಕವಾಟದ ಗುಂಡಿನಡಿ ಸಿಕ್ಕಿದರೆ ಒತ್ತಡ ನಿಲ್ಲದು. ಸುಣ್ಣವನ್ನು ಬಟ್ಟೆಯಲ್ಲಿ ಸೋಸಬೇಕು. ಸಂಜೆ ಶುದ್ಧ ನೀರನ್ನು ಹಾಯಿಸಿ ತೊಳೆಯದಿದ್ದರೆ ಮರುದಿನ ಮೂತಿ ಕಟ್ಟಿಕೊಳ್ಳುತ್ತದೆ. ಮಳೆಯಲ್ಲಿ ಹಳ್ಳ ತುಂಬಿ ಪೇಟೆಯ ದಾರಿ ಮುಚ್ಚಿದಾಗ, ಮನೆಯಲ್ಲಿಯೇ ಬಿಚ್ಚಿ ಜೋಡಿಸಬಹುದಾದ ಪಂಪೇ ಒಳ್ಳೆಯ ಪಂಪು. ಸರಳ ಕೈಪಂಪು ಬಹುಕಾಲ ಉಳಿದುದಕ್ಕೆ ಇದು ಮುಖ್ಯ ಕಾರಣವೆಂದು ನಾವು ಭಾವಿಸುತ್ತೇವೆ.

೬. ಕೊಳವೆ ಮತ್ತು ಸಂಧಿ

ಕೊಳವೆಯ ವಿಷಯದಲ್ಲಿ ತೋಟಗಾರನು ಎರಡು ವಿರುದ್ಧ ಬೇಡಿಕೆಗಳ ನಡುವೆ ನಿಂತಿದ್ದನು. ಒಳವ್ಯಾಸ ದೊಡ್ಡದಾದರೆ ಉಜ್ಜುವಿಕೆ ಕಡಿಮೆ, ತೂಕ ಹೆಚ್ಚು. ಇಪ್ಪತ್ತು ಮೀಟರು ಉದ್ದದ ಕೊಳವೆಯ ಒಳವ್ಯಾಸ ೨೫ ಮಿಲಿಮೀಟರಾದರೆ ಅದರೊಳಗೆ ಹತ್ತು ಲೀಟರಿಗೆ ಹತ್ತಿರ ದ್ರವ ನಿಲ್ಲುತ್ತದೆ. ೮ ಮಿಲಿಮೀಟರಾದರೆ ಒಂದು ಲೀಟರು ಮಾತ್ರ. ಈ ತೂಕವೆಲ್ಲ ಜೋತುಬೀಳುವುದು ಮರದ ಮೇಲಿರುವವನ ಕಡೆಗೆ. ಹಾಗೆಂದು ವ್ಯಾಸವನ್ನು ಇನ್ನೂ ಅರ್ಧಕ್ಕೆ ಇಳಿಸಿದರೆ, ಅಷ್ಟೇ ದ್ರವವನ್ನು ಸಾಗಿಸಲು ಉಜ್ಜುವಿಕೆಯ ನಷ್ಟ ಸುಮಾರು ಮೂವತ್ತು ಪಟ್ಟು ಏರುತ್ತದೆ. ಎಂಟು ಹತ್ತು ಮಿಲಿಮೀಟರಿನ ಕೊಳವೆ ಎಲ್ಲೆಡೆಯೂ ರೂಢಿಗೆ ಬಂದದ್ದು ಆಕಸ್ಮಿಕವಲ್ಲ. ಮೇಲಿನವನ ಹೆಗಲು ಮತ್ತು ಕೆಳಗಿನವನ ತೋಳು ಇವೆರಡರ ನಡುವಣ ಒಪ್ಪಂದವದು.

ಬಟ್ಟೆಯ ಎಳೆ ಸೇರಿಸಿದ ರಬ್ಬರ್ ಕೊಳವೆ ಮೊದಲು ಬಂದಿತು. ತರುವಾಯ ನೂಲಿನ ಹೆಣಿಗೆಯುಳ್ಳ ಪ್ಲಾಸ್ಟಿಕ್ ಕೊಳವೆ. ಬಲಹೀನ ಸ್ಥಾನವೆಂದರೆ ಸಂಧಿ. ಎರಡು ಕೊಳವೆಗಳನ್ನು ಕೂಡಿಸುವ ನಳಿಗೆ ಹಿತ್ತಾಳೆಯದಾಗಿ, ಮೇಲ್ಮೈಯಲ್ಲಿ ಹಲ್ಲುಗಳಿದ್ದು, ಹೊರಗೆ ಪಟ್ಟಿಯಿಂದ ಬಿಗಿಯಲ್ಪಟ್ಟಿರಬೇಕು. ನೀರಿನ ನಲ್ಲಿಗೆ ಹಾಕುವ ಸತುಲೇಪದ ಕಬ್ಬಿಣದ ಜೋಡಣೆ ಅಗ್ಗವೆಂದು ಬಳಸಿದಲ್ಲಿ, ಸುಣ್ಣ ಕಡಿಮೆಯಾದ ದ್ರಾವಣ ಅದರ ಲೇಪವನ್ನೂ ತಿರುಪನ್ನೂ ತಿನ್ನುತ್ತದೆ. ದಂಬೆಯ ಸಂಧಿಯಲ್ಲಿ ಸೋರಿದರೆ ನೀರು ನೆಲಕ್ಕೆ. ಇಲ್ಲಿ ಸೋರಿದರೆ ತುತ್ತದ ನೀರು ಪಂಪು ಹೊಡೆಯುವವನ ಕಣ್ಣಿಗೆ. ಒತ್ತಡದಲ್ಲಿ ಸಂಧಿ ಬಿಚ್ಚಿಕೊಂಡರೆ ಕೊಳವೆ ಚಾಟಿಯಂತೆ ಬೀಸಿ ಮರದ ಮೇಲಿನವನ ಹಿಡಿತವನ್ನೇ ತಪ್ಪಿಸಬಹುದು. ಸಂಧಿಯ ಲೋಹದಲ್ಲಿ ಮಾಡಿದ ಮಿತವ್ಯಯದ ಬೆಲೆಯನ್ನು ತೆರುವವನು ಕೊಂಡವನಲ್ಲ.

೭. ಮರದ ಮೇಲಿನ ಮನುಷ್ಯ

ಈ ಮಾತು ನಮ್ಮನ್ನು ಮುಖ್ಯ ವಿಷಯಕ್ಕೆ ತರುತ್ತದೆ. ಔಷಧ ಬಂದುದರಿಂದ ಕೊನೆಗಾರನ ಕಷ್ಟ ಕಡಿಮೆಯಾಯಿತೆಂದು ಹೇಳಲಾಗದು. ಕೊಟ್ಟೆ ಕಟ್ಟಲು ಒಂದು ಸಲ ಏರುತ್ತಿದ್ದವನು, ಮಳೆಯ ಮುನ್ನ ಒಮ್ಮೆ, ನಲವತ್ತು ನಲವತ್ತೈದು ದಿನಗಳ ತರುವಾಯ ಇನ್ನೊಮ್ಮೆ ಏರಬೇಕಾಯಿತು. ಎರಡನೆಯ ಸಲ ಬೀಳುವುದು ಮಳೆ ತುಂಬಿದ ದಿನಗಳಲ್ಲಿ, ಕಾಂಡಕ್ಕೆ ಪಾಚಿ ಹಿಡಿದಿರುವಾಗ. ಕಾಲಿಗೆ ತಳೆ ಹಾಕಿಕೊಂಡು, ಹೆಗಲ ಮೇಲೆ ಕೊಳವೆ ಹೊತ್ತು ಏರಿ, ಒಂದು ಮರದಿಂದ ಸುತ್ತಲಿನ ಮರಗಳಿಗೂ ಸಿಂಪಡಿಸಿ, ಮರವನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟುವ ಅವನ ಕೌಶಲವೇ ಈ ವ್ಯವಸ್ಥೆಯ ಕೊನೆಯ ಕೊಂಡಿ. ಪಂಪು ಒಂದು ಮರದಿಂದ ಹಲವು ಮರಗಳಿಗೆ ಔಷಧ ಮುಟ್ಟಿಸಿ ಏರಿಕೆಗಳ ಸಂಖ್ಯೆಯನ್ನು ಇಳಿಸಿತು, ನಿಜ, ಏರುವವನನ್ನು ಇಳಿಸಲಿಲ್ಲ.

ಹಿತ್ತಾಳೆಯ ಪಂಪು, ನೂರಾರು ಅಡಿ ಕೊಳವೆ, ಅದನ್ನು ನಡೆಸಲು ಮೂರು ನಾಲ್ಕು ಆಳು, ಇವು ಸಣ್ಣ ಹಿಡುವಳಿದಾರನ ಕೈಗೆ ಎಟುಕುವಂಥವಲ್ಲ. ಆದುದರಿಂದ ಪಂಪು ಎರವಲಿಗೂ ಬಾಡಿಗೆಗೂ ಓಡಾಡಿತು. ತನ್ನ ಸರದಿ ಬರುವಷ್ಟರಲ್ಲಿ ರೋಗ ಬಂದಿತೆಂಬುದು ಸಣ್ಣ ತೋಟಗಾರನ ಪಾಲಿಗೆ ಅಪರೂಪದ ಮಾತಲ್ಲ. ೧೯೩೯ರಲ್ಲಿ ಶಿವಮೊಗ್ಗೆಯಲ್ಲಿ ಸ್ಥಾಪಿತವಾದ ಮಲೆನಾಡು ಅಡಕೆ ಮಾರಾಟ ಸಹಕಾರ ಸಂಘದಂಥ ಸಂಸ್ಥೆಗಳು ಅಡಕೆಯ ಮಾರಾಟಕ್ಕೆ ಒಂದು ನೆಲೆ ಒದಗಿಸಿದುವು. ಸಿಂಪರಣೆ ಮಾತ್ರ ಪ್ರತಿಯೊಂದು ಮನೆಯ ಸ್ವಂತ ಹೊಣೆಯಾಗಿಯೇ ಉಳಿಯಿತು.

ಮುಂದೆ ಪೆಟ್ರೋಲ್ ಎಂಜಿನ್ನಿನ, ಅಧಿಕ ಒತ್ತಡದ ಪಂಪುಗಳು ಬಂದು ಕೆಳಗಿನವನ ತೋಳಿಗೆ ಬಿಡುವು ದೊರೆಯಿತು. ಪ್ಲಾಸ್ಟಿಕ್ ಪೀಪಾಯಿ ಬಂದು ಮರದ ಬಾನಿ ಮೂಲೆ ಸೇರಿತು. ಈಚಿನ ವರ್ಷಗಳಲ್ಲಿ ಬಂದ ಕಾರ್ಬನ್ ಎಳೆಯ ಹಗುರವಾದ ಉದ್ದ ದೋಟಿಯಾದರೋ ನೆಲದ ಮೇಲೆ ನಿಂತೇ ಸಿಂಪಡಿಸುವುದನ್ನು ಸಾಧ್ಯಗೊಳಿಸಿದೆ. ಕೋಲ್ಮನ್ ಅವರ ವರದಿಯ ಸುಮಾರು ನೂರುಹತ್ತು ವರ್ಷಗಳ ನಂತರ ಮನುಷ್ಯ ಮರದಿಂದ ಇಳಿಯತೊಡಗಿದ್ದಾನೆ. ಅದೇ ವೇಳೆಗೆ ಹಳದಿ ಎಲೆ ರೋಗದಿಂದ ಮೊದಲೇ ಬಳಲಿದ ಈ ತಾಲ್ಲೂಕುಗಳಲ್ಲಿ ಎಲೆಚುಕ್ಕೆ ರೋಗವೂ ವ್ಯಾಪಿಸಿದೆ. ಅದಕ್ಕೆ ಔಷಧ ಬೀಳಬೇಕಾದುದು ಕೊನೆಗಿಂತಲೂ ಮೇಲಿನ ಸೋಗೆಗೆ. ಎತ್ತರದ ಹಳೆಯ ಪ್ರಶ್ನೆ ಇನ್ನೂ ಕೆಲವು ಅಡಿ ಮೇಲಕ್ಕೆ ಏರಿ ನಿಂತಿದೆ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಪಾತ್ರೆ ಮತ್ತು ಸಂಧಿಗಳ ಲೋಹವನ್ನು ನಿರ್ಣಯಿಸಿದ್ದು ದ್ರವ. ಈ ಜ್ಞಾನಕ್ಕೆ ಚೊಗರಿನ ಹಂಡೆಯಲ್ಲಿಯೇ ತಳಹದಿಯಿತ್ತು. ಪಂಪನ್ನು ನಿರ್ಣಯಿಸಿದ್ದು ಎತ್ತರ. ಇದು ಮಲೆನಾಡಿಗೆ ಹೊಸ ಪ್ರಶ್ನೆ. ಕೊಳವೆಯನ್ನು ನಿರ್ಣಯಿಸಿದ್ದು ಮನುಷ್ಯನ ಮೈ. ರೋಗದ ಕಾರಣವನ್ನು ಕಂಡುಹಿಡಿದವರ ಕೀರ್ತಿಗೆ ಇದರಿಂದ ಕುಂದಿಲ್ಲ; ಆ ಕೀರ್ತಿಯಲ್ಲಿ ಪಾಲುದಾರರಿದ್ದಾರೆಂದಷ್ಟೇ ನಮ್ಮ ಹೇಳಿಕೆ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಹಳೆಯ ಹಿತ್ತಾಳೆಯ ಪಂಪು ತೂಕಕ್ಕೆ ಮಾರಾಟವಾಗುವ ವಸ್ತು. ಮನೆಯನ್ನು ಶುದ್ಧಿಮಾಡುವಾಗ ಮೊದಲು ಹೋಗುವುದು ಅದೇ. ಕಡತಗಳು ಕಚೇರಿಯಲ್ಲಿ ಉಳಿದಾವು. ಪಂಪು, ಮೂತಿ, ಹಲ್ಲಿನ ನಳಿಗೆ, ಹುಲ್ಲಿನ ಕೊಟ್ಟೆ ಇವು ಉಳಿಯುವುದು ಅಟ್ಟದ ಮೇಲೆ ಮಾತ್ರ. ರಜೆಯಲ್ಲಿ ಊರಿಗೆ ಹೋದಾಗ ಅವುಗಳ ಅಳತೆ ತೆಗೆದು, ಚಿತ್ರ ಬರೆದು, ಅವನ್ನು ಬಳಸಿದ ಹಿರಿಯರ ಮಾತುಗಳನ್ನು, ವಿಶೇಷವಾಗಿ ಕೊನೆಗಾರರ ಮಾತುಗಳನ್ನು, ಬರೆದಿಟ್ಟುಕೊಂಡರೆ ಈ ಇತಿಹಾಸದ ಮುಂದಿನ ಅಧ್ಯಾಯಕ್ಕೆ ಆಧಾರ ದೊರೆತೀತು.